ಮನುಷ್ಯನಿಲ್ಲದ ಚೌಕಟ್ಟು: ‘ವೈಲ್ಡ್ ಕರ್ನಾಟಕ’ದ ವಿಮರ್ಶೆ

ಕನ್ನಡ ನಾಡಿನ ವನ್ಯಜೀವಿಗಳನ್ನು ಕುರಿತ ಸಾಕ್ಷ್ಯಚಿತ್ರಗಳಲ್ಲಿ ‘ವೈಲ್ಡ್ ಕರ್ನಾಟಕ’ಕ್ಕೆ ವಿಶಿಷ್ಟ ಸ್ಥಾನವಿದೆ. ಅಮೋಘವರ್ಷ ಹಾಗೂ ಕಲ್ಯಾಣ್ ವರ್ಮಾ ಅವರು ರಾಜ್ಯ ಅರಣ್ಯ ಇಲಾಖೆಯ ಸಹಯೋಗದಲ್ಲಿ ರೂಪಿಸಿದ ಈ ಚಿತ್ರವು 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದಿತು. ಆಂಗ್ಲ ಆವೃತ್ತಿಗೆ ಡೇವಿಡ್ ಅಟೆನ್‌ಬರೋ, ಕನ್ನಡ ಆವೃತ್ತಿಗೆ ರಿಷಬ್ ಶೆಟ್ಟಿ ನಿರೂಪಕರು. 67ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿಯೂ ಇದಕ್ಕೆ ಮನ್ನಣೆ ದೊರೆಯಿತು.

ಚಿತ್ರದ ಹಿರಿಮೆ ಅದರ ತಾಳ್ಮೆಯಲ್ಲಿದೆ. ಸುಮಾರು ನಾಲ್ಕು ವರ್ಷಗಳ ಚಿತ್ರೀಕರಣವು ಒಂದು ಗಂಟೆಯೊಳಗಿನ ದರ್ಶನವಾಗಿ ಹರಳುಗಟ್ಟಿದೆ. ಹುಲಿ, ಆನೆಗಳಂತೆಯೇ ಅಂಗೈಯಗಲದ ಕಪ್ಪೆಗೂ ಇಲ್ಲಿ ಸಮಾನ ಗೌರವವುಂಟು. ಒಂದು ಕಾಲದಲ್ಲಿ ಕಾಡಿಗೆ ಕೋವಿ ಹಿಡಿದು ಹೋಗುತ್ತಿದ್ದ ಮನುಷ್ಯ ಈಗ ಕ್ಯಾಮೆರಾ ಹಿಡಿದು ಹೋಗಿ, ಜೀವ ತೆಗೆಯದೆ ಮರಳುತ್ತಾನೆ ಎಂಬುದೇ ನೈತಿಕವಾಗಿ ದೊಡ್ಡ ಮುನ್ನಡೆ.

ಆದರೂ ಒಂದು ಆಕ್ಷೇಪವನ್ನು ಎತ್ತಲೇಬೇಕು. ಈ ಚೌಕಟ್ಟಿನಲ್ಲಿ ಮನುಷ್ಯನಿಗೆ ಸ್ಥಾನ ಅತ್ಯಲ್ಪ. ಆದ್ದರಿಂದ ಅರಣ್ಯವು ಯಾರೂ ಮುಟ್ಟದ ಲೋಕದಂತೆ ತೋರುತ್ತದೆ. ನಾಗರಹೊಳೆಯಲ್ಲಿ ತಲೆಮಾರುಗಳಿಂದ ಬಾಳಿದ ಜೇನುಕುರುಬರಾಗಲಿ, ಆನೆಯಿಂದ ಬೆಳೆ ಕಳೆದುಕೊಂಡ ರೈತನಾಗಲಿ ಆ ಸೊಬಗಿನ ಹೊರಗೇ ಉಳಿಯುತ್ತಾರೆ. ಮನುಷ್ಯನನ್ನು ಚಿತ್ರದಿಂದ ತೆಗೆದಾಗ ಅವನ ಅಪರಾಧದೊಡನೆ ಅವನ ಹೊಣೆಯೂ ಮರೆಯಾಗುತ್ತದೆ.

ಇದರ ಪರಿಣಾಮವು ಕಾಡಿಲ್ಲದ ಬಯಲುಸೀಮೆಯಲ್ಲಿ ಇನ್ನೂ ಸ್ಪಷ್ಟ. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ದೇವದುರ್ಗ ತಾಲ್ಲೂಕಿನ ಗಬ್ಬೂರು ಹಳೆಯ ದೇಗುಲಗಳ, ಶಾಸನಗಳ ಊರು. ನಾರಾಯಣಪುರ ಬಲದಂಡೆ ಕಾಲುವೆಯು ಆ ತಾಲ್ಲೂಕಿನ ನೆಲದ ರೂಪವನ್ನೇ ಬದಲಿಸಿದೆ. ಅಲ್ಲಿಯ ಪ್ರೇಕ್ಷಕನು ಇಂತಹ ಚಿತ್ರವನ್ನು ನೋಡಿ, ಪ್ರಕೃತಿಯೆಂಬುದು ಎಲ್ಲೋ ಮಲೆನಾಡಿನಲ್ಲಿದೆ, ಅದನ್ನು ಕಾಯುವವರು ಬೇರೆ ಇದ್ದಾರೆ ಎಂದು ಭಾವಿಸಿದರೆ ತಪ್ಪು ಅವನದಲ್ಲ.

ವಾಸ್ತವವು ಬೇರೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಆ ನದಿಯಲ್ಲಿ ಬಲೆಯೂ ಇದೆ, ದಡದಲ್ಲಿ ಗದ್ದೆಯೂ ಇದೆ. ಬಯಲಿನ ತೋಳವಂತೂ ಕುರಿಗಾಹಿಯ ಹಿಂಡಿನ ಆಸುಪಾಸಿನಲ್ಲಿಯೇ ಬದುಕುತ್ತದೆ. ಇಂತಹ ಜೀವಿಗಳ ಉಳಿವು ಕಾಡಿನ ಬೇಲಿಗಿಂತ ಹೆಚ್ಚಾಗಿ ನೆರೆಯವರ ಸಂಯಮವನ್ನು ಅವಲಂಬಿಸಿದೆ.

ಮುಟ್ಟದ ನಿಸರ್ಗವನ್ನು ಮೆಚ್ಚುವುದು ಸುಲಭ. ದಿನವೂ ಮುಟ್ಟುವ ನೆಲದಲ್ಲಿ ಕೈ ಹಿಡಿತದಲ್ಲಿರುವುದೇ ಕಠಿಣ. ಊರ ಕೆರೆ, ಗುಡಿಯ ಹಿಂದಿನ ಗುಡ್ಡ, ಹೊಲದ ಬದುವಿನ ಪೊದೆ ಇವುಗಳತ್ತ ತಿರುಗುವ ಕ್ಯಾಮೆರಾ ಬಂದಾಗ ಈ ಕಲೆಯು ವಿಸ್ಮಯದಿಂದ ವಿವೇಕಕ್ಕೆ ಏರೀತು.