ಒಂದು ಡಿಸ್ಕು, ಎರಡು ಒಡೆತನ

ಒಂದೇ ಗಣಕಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಜೊತೆಯಾಗಿ ಇರಿಸಿಕೊಳ್ಳುವುದು ಕನ್ನಡದಲ್ಲಿ ಬರೆಯುವವರಿಗೆ ಬರಿಯ ಕುತೂಹಲದ ವಿಷಯವಲ್ಲ. ನುಡಿ ತಂತ್ರಾಂಶವನ್ನು ನೆಚ್ಚಿ ವರ್ಷಗಟ್ಟಲೆ ಕಡತಗಳನ್ನು ಕೂಡಿಟ್ಟವರೂ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಮುದ್ರಕರೂ ವಿಂಡೋಸನ್ನು ಸರ್ವಥಾ ತ್ಯಜಿಸಲಾರರು; ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿಯೂ ದೊರೆಯುತ್ತಿರುವಾಗ, ಮೂಲ್ಯವಿಲ್ಲದೆ ಲಭಿಸುವ ಆ ವ್ಯವಸ್ಥೆಯ ಸೊಗಸನ್ನು ಸವಿಯದೆ ಉಳಿಯುವುದೂ ಉಚಿತವಲ್ಲ. ಇಂಥವರಿಗೆ ಹಾರ್ಡ್ ಡಿಸ್ಕಿನ ವಿಭಜನೆಯೇ ಯುಕ್ತವಾದ ಮಾರ್ಗ. ಅದು ಸಾಹಸಕ್ಕಿಂತ ಹೆಚ್ಚಾಗಿ ಅನುಕ್ರಮವನ್ನು ಬೇಡುವ ಕಲೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಭಜನೆಯ ದಾಖಲೆಯು ಎಷ್ಟು ಕಿರಿದೆಂಬುದನ್ನು ಅರಿತಾಗ ಆಶ್ಚರ್ಯವಾಗುತ್ತದೆ. 1983ರಲ್ಲಿ ಡಾಸ್‌ನ ಎರಡನೆಯ ಆವೃತ್ತಿಯೊಡನೆ ಬಂದ ಪದ್ಧತಿಯಲ್ಲಿ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೊಳಗೆ 64 ಬೈಟುಗಳು ಮಾತ್ರ ಇದಕ್ಕೆ ಮೀಸಲು. ಒಂದೊಂದಕ್ಕೆ 16ರಂತೆ ನಾಲ್ಕೇ ಪಾರ್ಟಿಶನ್‌ಗಳ ಆದ್ಯಂತಗಳು ಅಲ್ಲಿ ಲಿಖಿತವಾಗಿರುತ್ತಿದ್ದವು. ಈಗ ಪ್ರಚಲಿತವಾಗಿರುವ ಜಿಪಿಟಿ ಪದ್ಧತಿಯು ಸಾಮಾನ್ಯವಾಗಿ 128 ಪಾರ್ಟಿಶನ್‌ಗಳಿಗೆ ಎಡೆಗೊಡುವುದಲ್ಲದೆ, ತನ್ನ ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ತುದಿಯಲ್ಲಿಯೂ ಕಾಪಿಡುತ್ತದೆ. ಹೊಲಕ್ಕೆ ಪಹಣಿ ಹೇಗೋ ಡಿಸ್ಕಿಗೆ ಈ ಪಟ್ಟಿ ಹಾಗೆ: ಪಹಣಿಯ ಸಾಲನ್ನು ಹೊಡೆದುಹಾಕಿದ ಮಾತ್ರಕ್ಕೆ ಪೈರು ಒಣಗದು, ಆದರೆ ನೆಲ ಯಾರದೆಂಬುದು ತಿಳಿಯದೆ ಮತ್ತೊಬ್ಬನು ಬಂದು ಉತ್ತುಬಿಡಬಹುದು. ಅಳಿಸಿಹೋದ ಪಾರ್ಟಿಶನ್ನನ್ನು ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶಗಳು ಹಲವು ವೇಳೆ ಮರಳಿ ತರುವುದೂ, ಅದರ ಮೇಲೆ ಹೊಸದಾಗಿ ಬರೆದ ಬಳಿಕ ತರಲಾರದಿರುವುದೂ ಇದೇ ಕಾರಣದಿಂದ.

ಲಿನಕ್ಸ್ ತಾನೇ ಇಂಥ ಹಂಚಿಕೊಂಡ ಡಿಸ್ಕಿನಲ್ಲಿ ಬೆಳೆದದ್ದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಮ್ಮ 386 ಯಂತ್ರದಲ್ಲಿ ಮಿನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ಪಾರ್ಟಿಶನ್ನಿನಲ್ಲಿರಿಸಿ ಅದರ ಆಶ್ರಯದಲ್ಲಿಯೇ ಹೊಸ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ವಿಶ್ವವಿದ್ಯಾಲಯದ ಗಣಕಕ್ಕೆ ಕರೆಮಾಡಲು ಮೋಡೆಮ್ಮಿಗೆ ಕಳುಹಬೇಕಾಗಿದ್ದ ಆದೇಶವನ್ನು ಪ್ರಮಾದವಶಾತ್ ಡಿಸ್ಕಿಗೇ ಕಳುಹಿಸಲಾಗಿ, ಮಿನಿಕ್ಸಿನ ಪಾರ್ಟಿಶನ್ ಕೆಟ್ಟುಹೋಯಿತು. ಅವರು ಅದನ್ನು ಮತ್ತೆ ಸ್ಥಾಪಿಸದೆ ಲಿನಕ್ಸನ್ನೇ ಸ್ವಾವಲಂಬಿಯಾಗಿಸಲು ನಿಶ್ಚಯಿಸಿದರು.

ಇನ್ನು ಕಾರ್ಯವಿಧಾನದ ವಿಚಾರ. ವಿಂಡೋಸ್ ಇರುವ ಪಾರ್ಟಿಶನ್ನನ್ನು ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಕುಗ್ಗಿಸತಕ್ಕದ್ದು. ಬಿಡುವಾದ ಜಾಗವನ್ನು ಅಲ್ಲಿಯೇ ಫಾರ್ಮ್ಯಾಟ್ ಮಾಡದೆ ಖಾಲಿಯಾಗಿಯೇ ಬಿಟ್ಟರೆ, ಲಿನಕ್ಸಿನ ಸ್ಥಾಪನೆಯ ವೇಳೆ ಅದನ್ನು ತಕ್ಕಂತೆ ವಿನಿಯೋಗಿಸಬಹುದು. ಅರ್ಧ ಡಿಸ್ಕು ಬರಿದಾಗಿದ್ದರೂ ಕೆಲವೇ ಜಿಬಿಗಳನ್ನು ಬಿಡಿಸಿಕೊಡಲು ಮಾತ್ರ ವಿಂಡೋಸ್ ಒಪ್ಪುವುದುಂಟು. ಪೇಜ್ ಫೈಲು, ಹೈಬರ್ನೇಶನ್ ಫೈಲುಗಳಂಥ ಕದಲಿಸಲಾಗದ ಕಡತಗಳು ನಡುವೆಯೆಲ್ಲೋ ನೆಲೆನಿಂತಿರುವುದೇ ಅದಕ್ಕೆ ಕಾರಣವಾದುದರಿಂದ, ಅವೆರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಯಂತ್ರವನ್ನು ಮರುಚಾಲನೆ ಮಾಡಿ, ಪುನಃ ಪ್ರಯತ್ನಿಸಬೇಕು.

ಇದಕ್ಕಿಂತ ಗಹನವಾದುದು ವಿಂಡೋಸ್ 8ರ ಕಾಲದಿಂದ ಬಂದ ಫಾಸ್ಟ್ ಸ್ಟಾರ್ಟಪ್. ಶಟ್ ಡೌನ್ ಮಾಡಿದೆವೆಂದು ನಾವು ಭಾವಿಸಿದ ಯಂತ್ರವು ವಾಸ್ತವದಲ್ಲಿ ಅರೆನಿದ್ರೆಯಲ್ಲಿದ್ದು, ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ ಅವಸ್ಥೆಯಲ್ಲಿ ಲಿನಕ್ಸು ವಿಂಡೋಸಿನ ಪಾರ್ಟಿಶನ್ನಿಗೆ ಏನನ್ನಾದರೂ ಬರೆದಲ್ಲಿ ದತ್ತಾಂಶವು ಹಾಳಾಗುವ ಭಯವಿರುವುದರಿಂದ, ಅದನ್ನು ಓದಲು ಮಾತ್ರ ತೆರೆಯುವುದು ಲಿನಕ್ಸಿನ ವಿವೇಕ. ಫಾಸ್ಟ್ ಸ್ಟಾರ್ಟಪ್ಪನ್ನು ತೆಗೆದುಹಾಕುವುದರಿಂದ ಕಳೆದುಕೊಳ್ಳುವುದು ಕೆಲವು ಕ್ಷಣಗಳನ್ನಷ್ಟೇ. ಎರಡು ವ್ಯವಸ್ಥೆಗಳನ್ನು ಸಾಕುವವರು ಅದನ್ನು ನಿಶ್ಚಯವಾಗಿಯೂ ತೆಗೆಯಬೇಕು.

ಲಿನಕ್ಸಿಗೆ 25 ಜಿಬಿ ಸಾಲುವುದಾದರೂ, 50ಕ್ಕೆ ಕಡಿಮೆಯಿಲ್ಲದಂತೆ ಕೊಟ್ಟರೆ ಮುಂದೆ ಇಕ್ಕಟ್ಟಾಗದು. ಬರಹಗಳನ್ನೂ ಚಿತ್ರಗಳನ್ನೂ ಎರಡೂ ಕಡೆಯಿಂದ ತೆರೆಯಬೇಕಾದವರು ಅವುಗಳಿಗೆ ಪ್ರತ್ಯೇಕವಾದ ಮೂರನೆಯ ಪಾರ್ಟಿಶನ್ನನ್ನು ಎನ್‌ಟಿಎಫ್‌ಎಸ್‌ನಲ್ಲಿ ರಚಿಸಿಕೊಳ್ಳುವುದು ಮೇಲು.

ನಮ್ಮ ದೇಶದವರು ಒಂದು ವಿಚಿತ್ರವನ್ನು ವಿಶೇಷವಾಗಿ ಕಾಣುವರು. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸು ಸ್ಥಳೀಯ ಕಾಲವನ್ನಿಡುತ್ತದೆ, ಲಿನಕ್ಸು ಯುಟಿಸಿ ಎಂಬ ಜಾಗತಿಕ ಕಾಲವನ್ನಿಡುತ್ತದೆ. ಆದಕಾರಣ ಲಿನಕ್ಸನ್ನು ಬಳಸಿ ಬೆಳಿಗ್ಗೆ ಹತ್ತಕ್ಕೆ ವಿಂಡೋಸಿಗೆ ಮರಳಿದವರಿಗೆ ಅದು ನಾಲ್ಕೂವರೆಯನ್ನು ತೋರಿಸುವುದುಂಟು. ಯಂತ್ರ ಕೆಟ್ಟಿತೆಂದು ಇದರಿಂದ ಗಾಬರಿಗೊಳ್ಳಬೇಕಾದುದಿಲ್ಲ; ವಿಂಡೋಸಿನ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೇರಿಸಿ ಅದನ್ನೂ ಯುಟಿಸಿಗೆ ಒಗ್ಗಿಸಿದರೆ ಐದೂವರೆ ಗಂಟೆಯ ಈ ಅಂತರವು ಅಳಿಯುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಬಿಟ್‌ಲಾಕರ್‌ನ ಗೂಢಲಿಪಿಯೊಡನೆಯೇ ಬರುತ್ತವೆ. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆಯಾದುದನ್ನು ಕಂಡೊಡನೆ ಅದು 48 ಅಂಕೆಗಳ ರಿಕವರಿ ಕೀಯನ್ನು ಕೇಳಬಹುದು, ಆ ಕೀ ಇಲ್ಲದವರಿಗೆ ಸ್ವಂತ ಬರಹಗಳೂ ಸಿಗಲಾರವು. ಆದುದರಿಂದ ಮೊದಲು ಆ ಅಂಕೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಮುಖ್ಯವಾದ ಕಡತಗಳೆಲ್ಲದರ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಪ್ರತಿ ತೆರೆಯುವುದೇ ಎಂದು ನೋಡಿಕೊಳ್ಳದ ಹೊರತು ಈ ಕಾರ್ಯಕ್ಕೆ ಕೈಹಾಕಬಾರದೆಂದು ಓದುಗರಲ್ಲಿ ವಿನಂತಿಸುತ್ತೇನೆ.