ಅತ್ತಾವರದ ನೆಲಕ್ಕೆ ಜಪಾನಿನ ಲೆಕ್ಕ

ಮಂಗಳೂರಿನ ಅತ್ತಾವರದ ಹಂಚಿನ ಮನೆಗಳ ನಡುವೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಅವುಗಳ ಕಂಬಕ್ಕೆ ಎಷ್ಟು ಕಬ್ಬಿಣ ಬೇಕೆಂಬ ಲೆಕ್ಕದಲ್ಲಿ ಭೂಕಂಪಕ್ಕೂ ಪಾಲಿದೆ: ಐಎಸ್ 1893 ಸಂಹಿತೆಯ 2016ರ ಆವೃತ್ತಿಯಂತೆ ಮಂಗಳೂರು ಮೂರನೆಯ ವಲಯ, ವಲಯಾಂಕ 0.16. ಹತ್ತಾರು ವರ್ಷ ನಿಲ್ಲಬೇಕಾದ ಕಟ್ಟಡಕ್ಕೆ ಇಂಥ ಒಂದು ಅಂಕಿ ಬೇಕೇ ಬೇಕು. ಆದರೆ ನಿನ್ನೆಯಷ್ಟೇ ನಡುಗಿದ ನೆಲ ನಾಳೆ ಏನು ಮಾಡೀತೆಂದು ಅದು ಹೇಳದು.

2022ರ ಜೂನ್ ಕೊನೆಗೆ ಮಡಿಕೇರಿ ದಾರಿಯ ಸಂಪಾಜೆ, ಚೆಂಬು, ಕಲ್ಲುಗುಂಡಿ ಕಡೆ ಮತ್ತೆ ಮತ್ತೆ ಕಂಪನವಾಯಿತು. ಅವುಗಳಲ್ಲಿ ದೊಡ್ಡದರ ಪ್ರಮಾಣವೇ ಸುಮಾರು 3. ಅಂಥ ಹೊತ್ತಿನಲ್ಲಿ ನಮ್ಮೂರಲ್ಲಿ ಎಲ್ಲರೂ ಕೇಳುವುದು ಒಂದೇ: ಇನ್ನು ದೊಡ್ಡದು ಬರ್ಲಿಕ್ಕುಂಟಾ?

ಅದಕ್ಕೆ ಲೆಕ್ಕದ ಉತ್ತರ ಕೊಡಹೊರಟದ್ದು ಜಪಾನಿನ ಯೋಸಿಹಿಕೊ ಒಗಾಟ 1988ರಲ್ಲಿ ಮಂಡಿಸಿದ 'ಇಟಾಸ್' ಮಾದರಿ; 1998ರಲ್ಲಿ ಅವರು ಅದಕ್ಕೆ ಸ್ಥಳವನ್ನೂ ಸೇರಿಸಿದರು. ಮರುಕಂಪನಗಳನ್ನು ಪಟ್ಟಿಯಿಂದ ಕಿತ್ತು, ಉಳಿದವು ಒಂದಕ್ಕೊಂದು ಸಂಬಂಧವಿಲ್ಲದವೆಂದು ಎಣಿಸುವುದು ಹಳೆಯ ರೂಢಿ. ಅಪಾಯನಕ್ಷೆಯ ಕೆಲಸದಲ್ಲಿ ಅದಿನ್ನೂ ಬಳಕೆಯಲ್ಲಿದೆ. ಯಾವುದು ಮುಖ್ಯ, ಯಾವುದು ಮರುಕಂಪನ ಎಂದು ಮೊದಲೇ ತೀರ್ಪು ಕೊಡುವ ಆ ರೂಢಿ ನನಗೆ ಒಪ್ಪಿಗೆಯಿಲ್ಲ. ಇಟಾಸ್‌ನಲ್ಲಿ ಪ್ರತಿ ಕಂಪನವೂ ಮರಿ ಹಾಕಬಲ್ಲದು. ದೊಡ್ಡದಕ್ಕೆ ಮರಿ ಹೆಚ್ಚು; ದಿನ ಕಳೆದಷ್ಟೂ, ದೂರ ಸರಿದಷ್ಟೂ ಕಡಿಮೆ. ದಿನ ಕಳೆದಂತೆ ಇಳಿಯುವ ಈ ಲಯವನ್ನು ಓಮೊರಿ 1894ರಲ್ಲೇ ಗುರುತಿಸಿದ್ದರು.

ಮಾದರಿ ಸೋಲುವುದು ಹಿನ್ನೆಲೆ ದರದಲ್ಲಿ, ಅಂದರೆ ಯಾವುದರ ಮರಿಯೂ ಅಲ್ಲದ ಕಂಪನಗಳ ಲೆಕ್ಕದಲ್ಲಿ. ಮೂಲ ರೂಪದಲ್ಲಿ ಈ ದರ ವರ್ಷವಿಡೀ ಒಂದೇ. ಸಹ್ಯಾದ್ರಿಯಲ್ಲಿ ಅದು ನಡೆಯದು. ಕೊಯ್ನಾದಲ್ಲಿ 1962ರಿಂದ ಜಲಾಶಯ ತುಂಬಿದ ಮೇಲೆ ಕಂಪನಗಳು ಹೆಚ್ಚಿದವು. 1967ರ ಡಿಸೆಂಬರ್ 10ರಂದು 6.3 ಪ್ರಮಾಣದ ಭೂಕಂಪವೇ ಆಯಿತು. ಅಲ್ಲಿ ನೀರಿನ ಏರಿಳಿತಕ್ಕೂ ಕಂಪನಕ್ಕೂ ನಂಟಿದೆ. ದರ ಬದಲಾಗದೆಂದು ನಂಬಿದ ಮಾದರಿ, ನೀರು ಎಬ್ಬಿಸಿದ ಕಂಪನಗಳನ್ನೂ ಹಿಂದಿನ ಕಂಪನದ ಮರಿಗಳೆಂದೇ ಬರೆದುಕೊಳ್ಳುತ್ತದೆ.

ಇನ್ನೊಂದು ಕೊರತೆ ನಮ್ಮದೇ. ಜಪಾನಿನಷ್ಟು ದಟ್ಟವಾದ ಕಂಪನಪಟ್ಟಿ ನಮ್ಮಲ್ಲಿಲ್ಲ. ಪಟ್ಟಿ ಖಾಲಿಯಿದ್ದರೆ ನೆಲ ಗಟ್ಟಿ ಎಂದಲ್ಲ: 1993ರಲ್ಲಿ ಭೂಕಂಪ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಕಿಲ್ಲಾರಿ, ಆಗಿನ ನಕ್ಷೆಯಲ್ಲಿ ಅತ್ಯಂತ ಸುರಕ್ಷಿತವಾದ ಒಂದನೆಯ ವಲಯದಲ್ಲಿತ್ತು.

ಆದ್ದರಿಂದ ಕರಾವಳಿಗೆ ಇಟಾಸ್ ಬರಲಿ, ಆದರೆ ಹೊರಗಿನ ಅಂಕಿಗಳನ್ನು ಎರವಲು ತಂದು ಕೂರಿಸಬಾರದು. ಲೆಕ್ಕ ಕಟ್ಟುವವರಲ್ಲಿ ಒಂದೇ ಕೋರಿಕೆ: ಚೆಂಬುವಿನ ಸಣ್ಣ ಕಂಪನಗಳನ್ನು ಪಟ್ಟಿಯಿಂದ ಅಳಿಸಬೇಡಿ. ಇಲ್ಲಿಯೂ ನೀರಿಗೂ ಕಂಪನಕ್ಕೂ ನಂಟಿದೆಯೇ ಎಂದು ತಿಳಿಯಲು, ಪ್ರತಿಯೊಂದರ ಪಕ್ಕದಲ್ಲಿ ಆ ವಾರದ ಮಳೆಯ ಅಳತೆಯನ್ನೂ ಬರೆದಿಡಿ.