ಕಾಲಿಗೆ ದಾರಿ ಬಿಟ್ಟ ರಸ್ತೆ

ಪುಣೆಯ ಬಿಬವೇವಾಡಿಯ ಅಂಚಿನಲ್ಲೇ ಹಾದುಹೋಗುವ ಸಾತಾರಾ ರಸ್ತೆಯಲ್ಲಿ 2006ರ ಡಿಸೆಂಬರಿನಲ್ಲಿ ದೇಶದ ಮೊದಲ ಬಿಆರ್‌ಟಿ (ಬಸ್ ತ್ವರಿತ ಸಾರಿಗೆ) ಪಥ ಪ್ರಾಯೋಗಿಕವಾಗಿ ಶುರುವಾಯಿತು. ಬಸ್ಸಿಗೆ ನಡುರಸ್ತೆಯಲ್ಲಿ ಬೇರೆಯೇ ದಾರಿ ಸಿಕ್ಕಿತು. ಆದರೆ ಬಸ್ ಹತ್ತುವವರು ವಾಹನಗಳ ನಡುವೆ ನುಗ್ಗಿಯೇ ನಿಲ್ದಾಣ ಸೇರಬೇಕಿತ್ತು. ಜನಕ್ಕೆ ಶಿಸ್ತಿಲ್ಲ ಎನ್ನುವ ಮೊದಲು ಅವರಿಗೆ ದಾರಿ ಎಲ್ಲಿದೆ ಎಂದು ನೋಡಬೇಕು.

ಅದೇ ಊರಿನ ಜಂಗ್ಲಿ ಮಹಾರಾಜ್ ರಸ್ತೆಯ ಹೊಸ ಫುಟ್‌ಪಾತ್ ನಿಜಕ್ಕೂ ಮೆಚ್ಚುವಂಥದ್ದು. ಪಾಲಿಕೆ 2016ರಲ್ಲಿ ರಸ್ತೆ ವಿನ್ಯಾಸದ ಮಾರ್ಗಸೂಚಿ ತಂದಿತು. ಈ ರಸ್ತೆ ಅದರ ಸೊಗಸಾದ ಫಲ. ಹಳೆಯ ಮರಗಳನ್ನು ಕಡಿಯದೆ ಸುತ್ತ ಕೂರಲು ಜಾಗ ಮಾಡಿದ್ದಾರೆ, ಮಕ್ಕಳಿಗೆ ಆಟದ ಸಾಧನಗಳಿವೆ. ನೆರಳು, ಆಸನ ಎರಡೂ ಸಿಕ್ಕರೆ ಅವಸರದ ಕಾಲೂ ನಿಧಾನವಾಗುತ್ತದೆ, ಅಜ್ಜ ಕೂರುತ್ತಾರೆ, ಮೊಮ್ಮಗು ಆಡುತ್ತದೆ.

ಒಳ್ಳೆಯ ಫುಟ್‌ಪಾತಿಗೆ ಅಳತೆಯೂ ಮುಖ್ಯ. ಅದರ ಅಂಚುಕಲ್ಲಿನ ಎತ್ತರವನ್ನೇ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಅದು 150 ಮಿ.ಮೀ. ಮೀರಬಾರದು, ನಡೆಯಲು ಕನಿಷ್ಠ 1.8 ಮೀಟರ್ ತೆರವಿರಬೇಕು. ಅಂಚುಕಲ್ಲು ಎತ್ತರವಾದರೆ ಮಂಡಿನೋವಿನವರು ರಸ್ತೆಗೇ ಇಳಿಯುತ್ತಾರೆ.

ಪುಣೆಗೆ ಹೋದವರು ಸಂಭಾಜಿ ಉದ್ಯಾನದ ಬಳಿ ರಿಕ್ಷಾ ಇಳಿದು ಜಂಗ್ಲಿ ಮಹಾರಾಜ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆಯಿರಿ. ನಿಮ್ಮೂರಿನ ವಾರ್ಡ್ ಸಭೆಯಲ್ಲೂ ಇಂಥ ಫುಟ್‌ಪಾತನ್ನೇ ಕೇಳಿ.